ಆಟಿ ಪಾಯಸ ತೊಳೆದ ಕಿಡ್ನಿ

ರಕ್ತಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ನನ್ನ ಗಂಡ ಸಂನ್ಯಾಸಿಯಾಗುತ್ತಿದ್ದರು. ಬೆಲ್ಲದ ಕಾಫಿ ಇಲ್ಲ, ಕಡುಬಿನ ಜೊತೆ ಜೇನಿಲ್ಲ, ತೋಟದಲ್ಲಿ ಬಿರುಸು ನಡಿಗೆ. ಬರಿಹೊಟ್ಟೆಯ ಸಕ್ಕರೆ ಚೆನ್ನಾಗಿ ಬಂತೋ, ಮಡಿಕೇರಿಯಿಂದ ಮರಳುವ ಮೊದಲೇ ಹೋಟೆಲಿಗೆ ನುಗ್ಗಿ ಜಿಲೇಬಿ. ಧಣಿ ಬರುವ ದಿನ ಮಾತ್ರ ಕೂಲಿಯಾಳುಗಳ ಲೈನ್ ಮನೆಗಳ ಅಂಗಳ ಗುಡಿಸಲು ಹಚ್ಚುವ ತೋಟದ ರೈಟರನ್ನು, ಅಂದರೆ ಗುಮಾಸ್ತನನ್ನು, ಕಳ್ಳ ಎಂದು ಬೈಯುತ್ತಿದ್ದ ಮನುಷ್ಯ ಇವರೇ.

ಈ ಸಲ ಡಾಕ್ಟರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದರು. ಸಂನ್ಯಾಸ ಬಯಲಾಯಿತು. ಮೂತ್ರದ ವರದಿಯನ್ನೂ ನೋಡಿ, "ಪ್ರೋಟೀನ್ ಸ್ವಲ್ಪ ಸೋರ್ತಾ ಇದೆ. ಕಿಡ್ನಿಗೆ ಪೆಟ್ಟು ಬೀಳೋಕೆ ಶುರುವಾಗಿರಬಹುದು. ಈಗಲೇ ಸಕ್ಕರೆ, ಬಿಪಿ ಹಿಡಿತಕ್ಕೆ ತಂದ್ರೆ ಉಳಿಸ್ಕೋಬಹುದು. ಇನ್ನೊಮ್ಮೆ ಮೂತ್ರ ತಂದ್ಕೊಡಿ, ಖಾತ್ರಿ ಮಾಡ್ಕೊಳ್ಳೋಣ," ಎಂದರು. ನಾನು ಮಾತ್ರೆಯ ಚೀಟಿ ಕೇಳಿ ತೆಗೆದುಕೊಂಡೆ. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಆಟಿ ತಿಂಗಳ ಹದಿನೆಂಟನೇ ದಿನ ಹತ್ತಿರವಿತ್ತು.

ಆ ದಿನ ನಮ್ಮ ಕಡೆ ಮದ್ದುಸೊಪ್ಪು ಬೇಯಿಸಿ, ಅದರ ಕಡುನೇರಳೆ ರಸಕ್ಕೆ ಅಕ್ಕಿ, ಬೆಲ್ಲ ಹಾಕಿ ಪಾಯಸ ಮಾಡುತ್ತೇವೆ. ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ. ಮದ್ದು ಮೈಗೆ ಹಿಡಿಯಿತೆಂದು ಲೆಕ್ಕ. ನಾನು ಸಣ್ಣ ಬಟ್ಟಲಲ್ಲಿ ಬಡಿಸಿದೆ. ಇವರು ಪಾತ್ರೆಯನ್ನೇ ಎಳೆದುಕೊಂಡು ಮೇಲೆ ಜೇನು ಸುರಿದುಕೊಂಡರು. ಮಾತ್ರೆ ಕೊಟ್ಟರೆ, "ಒಂದೇ ದಿನ ಎರಡೆರಡು ಮದ್ದು ಯಾಕೆ?" ಮೀಸೆಗೆ ಅಂಟಿದ ನೇರಳೆ ಅಗುಳು ಸಂಜೆಯವರೆಗೂ ಅಲ್ಲೇ ಇತ್ತು.

ಬೆಳಿಗ್ಗೆ ಬಚ್ಚಲಿನಿಂದಲೇ ಕೂಗಿದರು: "ನೋಡು ಮಾರಾಯ್ತಿ, ಕಿಡ್ನಿಯೆಲ್ಲ ತೊಳ್ಕೊಂಡು ಬಂತು."

ಆ ಕೆಂಪನ್ನೇ ಡಬ್ಬಿಯಲ್ಲಿ ಹಿಡಿದು ಲ್ಯಾಬಿಗೆ ಒಯ್ದರು. ಅಲ್ಲಿನ ಹುಡುಗಿ ಹೊರ ಜಿಲ್ಲೆಯವಳು, ಗಾಬರಿಬಿದ್ದಳು.

"ಅಂಕಲ್, ರಕ್ತ ಹೋಗ್ತಾ ಇದ್ಯಾ?"

"ಇಲ್ಲಮ್ಮ, ಪಾಯಸ."

ಬಣ್ಣ ಹೋದ ಮೇಲೆ ಬನ್ನಿ ಎಂದು ವಾಪಸ್ ಕಳಿಸಿದಳು. ಮನೆಗೆ ಬಂದವರೇ ಅಣ್ಣನಿಗೆ ಫೋನ್ ಮಾಡಿದರು. "ನಮ್ಮ ಮದ್ದಿನ ಮುಂದೆ ಅವರ ಮಿಷನ್ನೇ ಸೋತ್ಹೋಯ್ತು ಅಣ್ಣ." ಸೋರುತ್ತಿದ್ದದ್ದು ಸೋರುತ್ತಲೇ ಇತ್ತು, ಗೆದ್ದವರ ಹಾಗೆ ಕಾಲು ಚಾಚಿ ಕಾಫಿ ಕೇಳಿದರು.

ಒಂದು ಗುಟುಕಿಗೇ ಮುಖ ಹುಳ್ಳಗಾಯಿತು. "ಬೆಲ್ಲ ಎಲ್ಲಿ?"

"ತೊಳೆದಿಟ್ಟ ಕಿಡ್ನಿ ಅಲ್ವಾ, ಮತ್ತೆ ಯಾಕೆ ಗಲೀಜು ಮಾಡೋದು?" ಎಂದೆ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಮೆಲುದನಿಯಲ್ಲಿ.

ಎದ್ದು ಹೋಗಿ ಅಡುಗೆಮನೆಯ ಕಪಾಟು ತೆರೆದರು. ಬೆಲ್ಲದ ಡಬ್ಬಿ, ಜೇನಿನ ಬಾಟಲಿ ಅಷ್ಟರಲ್ಲಿ ಲೈನಿನ ಮನೆಗಳಿಗೆ ಹೋಗಿದ್ದವು. ವಾಪಸ್ ಬಂದು, ಕಪ್ಪಿನೊಳಗೇ ನೋಡುತ್ತ ಕುಡಿದರು. ಮಾತ್ರೆ ಸಾಸರಿನ ಅಂಚಿನಲ್ಲಿತ್ತು. ಅದನ್ನೂ ನುಂಗುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.