ಎದುರಿಗಿದ್ದರೂ ಗೈರುಹಾಜರಿ

ಅಷ್ಟಕ್ಕೇ ಮೂಗು ಮುರಿಯಬೇಡ, ಪೂರ್ತಿ ಕೇಳು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದು ನಿನಗೆ ಯಾರು ಹೇಳಿದ್ದು? ಮನುಷ್ಯನಾದರೆ ಸುಳ್ಳು ಹೇಳುವಾಗ ತುಸು ತಡವರಿಸುತ್ತಾನೆ. ಅದಕ್ಕೆ ಆ ಮರ್ಯಾದೆಯೂ ಇಲ್ಲ.

ಮುದ್ರಣಾಲಯದ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಎಲ್ಲರೂ ತಂತಿ ಎನ್ನುತ್ತಿದ್ದರು. ಅಷ್ಟು ಸಣಕಲ, ಫ್ಯಾನ್ ಹಾಕಿದರೆ ಮೇಜಿನ ಕಾಲು ಹಿಡಿದು ಕೂರಬೇಕಿತ್ತು. ಒಳಕೋಣೆಯಲ್ಲೊಂದು ಲಿನಕ್ಸ್ ಯಂತ್ರ. ಅದರ ಗೊರಕೆಗೆ ಗೋಡೆಯ ಹಲ್ಲಿ ಕಿವುಡಾಗಿತ್ತು. ಎಲ್ಲರೂ ತಮ್ಮ ಮೇಜಿನಿಂದ ಅದಕ್ಕೇ ಲಾಗಿನ್ ಆಗಬೇಕು. ಯಾರು ಒಳಗಿದ್ದಾರೆಂದು ಅದು ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ; ಬಂದವರಿಗೆ ಮೇಲಿನಿಂದ ಮೊದಲು ಸಿಗುವ ಖಾಲಿ ಸಾಲು. ಹೊಸ ಮ್ಯಾನೇಜರು ಅದೇ ಹಾಜರಿ ಎಂದು ಸಾರಿಬಿಟ್ಟರು. ಜತೆಗೆ, ಅಕ್ಷರ ದಪ್ಪಗೆ ಕಾಣುತ್ತದೆಂದು ಹೊಸ ಟರ್ಮಿನಲ್ ಹಾಕಿಸಿದರು: ಕಮಾಂಡ್ ಕುಟ್ಟುವ ಕಪ್ಪು ಕಿಟಕಿ.

ಆ ಕಿಟಕಿಯ ಬುದ್ಧಿ ನೋಡು. ಯಾರಾದರೂ ಅದನ್ನು ಮುಚ್ಚಿದರೆ ಅವರ ಸಾಲನ್ನು ಅಳಿಸುವ ಬದಲು, ಎಲ್ಲಕ್ಕೂ ಮೇಲಿನ ಸಾಲನ್ನು ಒರೆಸಿಹಾಕುತ್ತಿತ್ತು. ಮೇಲಿನ ಸಾಲು ಯಾರದು? ಎಲ್ಲರಿಗಿಂತ ಮುಂಚೆ ಬಂದು ಕರಡು ತಿದ್ದುವ ಹೆಂಗಸಿನದು, ತಂತಿಯ ಸ್ವಂತ ಸೋದರತ್ತೆಯದು. ಮಧ್ಯಾಹ್ನ ಮ್ಯಾನೇಜರು ನೋಡುವ ಹೊತ್ತಿಗೆ ಅತ್ತೆ ಮಾಯ.

ಕರೆಸಿದರು. "ನೀವು ಈ ತಿಂಗಳೆಲ್ಲ ಬಂದೇ ಇಲ್ಲ."

"ಅಯ್ಯೋ, ಇಲ್ಲೇ ನಿಂತಿದ್ದೀನಲ್ಲ ಸಾರ್!"

"ನಿಂತಿರ್ಬಹುದು, ಸಿಸ್ಟಂನಲ್ಲಿಲ್ಲ. ನಾಳೆನೂ ಹೀಗೇ ಆದ್ರೆ ಕೆಲಸ ಬಿಟ್ಟುಬಿಡಿ. ಬೈಂಡರ್‌ನ ನೋಡಿ ಕಲೀರಿ, ಮನುಷ್ಯ ಮನೆಗೇ ಹೋಗಲ್ಲ."

ಬೈಂಡರು ನಿವೃತ್ತನಾಗಿ ಮನೆಯಲ್ಲಿ ಮೊಮ್ಮಗಳಿಗೆ ಜಡೆ ಹಾಕಿಕೊಂಡಿದ್ದ. ಸದಾ ತಡವಾಗಿ ಬರುತ್ತಿದ್ದವನಾದ್ದರಿಂದ ಅವನ ಹಳೆಯ ಸಾಲು ಮಾತ್ರ ಅಳಿಯದೆ ತಳದಲ್ಲಿ ಭದ್ರ.

ತಂತಿ ಅತ್ತೆಯ ಮೇಜಿಗೆ ಓಡಿದ. "ಅತ್ತೆ, ನಾಳೆ ಎಲ್ಲರಿಗಿಂತ ಕೊನೆಗೆ ಬಂದ್ಬಿಡು, ಉಳ್ಕೋತೀಯ."

"ಹಾಜರಿಗೋಸ್ಕರ ತಡವಾಗಿ ಬರೋದಾ? ನಿನ್ನ ತಲೆ!"

ಕಿಟಕಿಯನ್ನು ಕಿತ್ತೆಸೆಯೋಣವೆಂದರೆ ಅದು ಮ್ಯಾನೇಜರ ಮುದ್ದಿನ ಕೂಸು. ತಂತಿ ಅದನ್ನು ಮುಟ್ಟಲಿಲ್ಲ. ಲಾಗಿನ್ ದಾಖಲೆಯಲ್ಲಿ ಬರೆಯುವ ಅನುಮತಿಯನ್ನಷ್ಟೇ ಅದರಿಂದ ಕಸಿದುಕೊಂಡು, ಹಳೆಯ ಸಾಲುಗಳ ಕಸವನ್ನೆಲ್ಲ ಗುಡಿಸಿದ. ಕಿಟಕಿ ತೆರೆಯಲಿ, ದಪ್ಪಕ್ಷರ ತೋರಿಸಲಿ, ಕೈಗೆ ಪೆನ್ನು ಮಾತ್ರ ಇಲ್ಲ. ಬಂದವರನ್ನು ಬರೆದುಕೊಳ್ಳುವುದು ಬಾಗಿಲು ಕಾಯುವ ಲಾಗಿನ್‌ನ ಪಾಡು.

ಮರುದಿನ ಮಧ್ಯಾಹ್ನ ಮ್ಯಾನೇಜರು ಪರದೆ ನೋಡಿದರು, ಕುರ್ಚಿಯಿಂದಲೇ ಎದ್ದು ಬಂದರು. ಬಾಗಿಲ ಹಿಂದಿನಿಂದ ತಂತಿ ಇಣುಕಿದ.

"ಬಂದ್ರಾ! ನೋಡಿ, ಮನಸ್ಸು ಮಾಡಿದ್ರೆ ನಿಮ್ಮ ಕೈಲೂ ಆಗುತ್ತೆ!"

ಅತ್ತೆ ಕರಡಿನಿಂದ ತಲೆಯೆತ್ತಲಿಲ್ಲ. "ಹೂಂ ಸಾರ್. ನಾಳೆನೂ ಪ್ರಯತ್ನ ಮಾಡ್ತೀನಿ."

ಆ ಕಪ್ಪು ಕಿಟಕಿ ಸುಮ್ಮನಿತ್ತೆಂದುಕೊಂಡೆಯಾ? ಪೆನ್ನು ಹೋದ ಸಿಟ್ಟಿಗೆ ಅದು ಆ ಹಲ್ಲಿಯ ಜತೆ ಸೇರಿ…

"ರೀ, ತಟ್ಟೆ ಹಾಕಿ ಎಷ್ಟೊತ್ತಾಯ್ತು! ಏಳ್ತೀರೋ ಇಲ್ವೋ?"

"ಬಂದೆ ಕಣೇ!"