ಮರೇವೆ ಹಾಕದ ಸಹಿ

ಮರೇವೆಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆರಿಗೆ ವಾರ್ಡಿನಲ್ಲಿ ಹೊಸ ನರ್ಸುಗಳನ್ನು ಪಳಗಿಸಲು ತೊಡಗಿ ಹದಿನೆಂಟು ವರ್ಷವಾಯಿತು. ಅವಳ ಕೈಲಿ ಬೈಸಿಕೊಳ್ಳದೆ ಪಾಸಾದ ಹುಡುಗಿ ಒಬ್ಬಳೂ ಇಲ್ಲ. ಹುಟ್ಟಿದ ಕೂಸು ಅಳದಿದ್ದರೆ ಒಂದು ನಿಮಿಷದೊಳಗೆ ಅದರ ಎದೆಗೆ ಗಾಳಿ ಹೋಗಬೇಕು. ಗೊಂಬೆಯ ಮೇಲೆ ನಡೆಯುವ ಆ ಪರೀಕ್ಷೆಯಲ್ಲಿ ಈ ಸಲದ ಹುಡುಗಿ ತೆರೇಸಿಯಾ ಎರಡು ಸಲ ಸೋತಳು. ಮಾಸ್ಕಿನ ಪಕ್ಕದಿಂದ ಗಾಳಿ ಸೋರುತ್ತಿದ್ದರೂ ಅವಳು ಸುಮ್ಮನೆ ಗಾಳಿಯೂದುವ ಚೀಲ ಒತ್ತುತ್ತಲೇ ಇದ್ದಳು. ಅವಳ ಪಾಸಿನ ಕಾಗದಕ್ಕೆ ಮರೇವೆ ಸಹಿ ಹಾಕಲಿಲ್ಲ.

ಶನಿವಾರ ಹುಡುಗಿಯ ತಾತ ಕಬುರೆ ತಮ್ಮ ಪುಟ್ಟ ದ್ವೀಪದಿಂದ ಬಂದಿಳಿದು ಮರೇವೆಯನ್ನು ಸಭೆಯ ಮನೆಗೆ ಕರೆಸಿದ. ಅವನು ಮರೇವೆಯ ತಾಯಿಗೆ ಚಿಕ್ಕಪ್ಪನಾಗಬೇಕು. ಚಾಪೆಗಳ ಮೇಲೆ ನೆಂಟರೆಲ್ಲ ಕೂತಿದ್ದರು, ತಾತನ ಹಿಂದೆ ತೆರೇಸಿಯಾ.

"ಬುಬುಸಿ ಕೇಳ್ತಿದ್ದೀನಿ ಮಗಳೇ. ಆ ಸಹಿ ಕೊಡು. ನಮ್ಮಲ್ಲಿ ಎರಡು ವರ್ಷದಿಂದ ನರ್ಸೇ ಇಲ್ಲ. ಸೋಮವಾರ ಹಡಗು ಹೊರಡುತ್ತೆ."

ಕಿರಿಬಾಸ್‌ನಲ್ಲಿ ನೆಂಟರು ಬುಬುಸಿ ಅಂದರೆ ಮುಗಿಯಿತು, ತೊಟ್ಟ ಅಂಗಿ ಕೇಳಿದರೂ ಬಿಚ್ಚಿ ಕೊಡಬೇಕು. ಇಲ್ಲ ಅಂದವರು ಆಮೇಲೆ ತಲೆಯೆತ್ತಿ ತಿರುಗುವ ಹಾಗಿಲ್ಲ.

"ಇಲ್ಲ ಅಜ್ಜ," ಅಂದಳು ಮರೇವೆ.

"ಅಯ್ಯಯ್ಯೋ! ಆಸ್ಪತ್ರೆ ಸೇರಿ ಕೊಂಬು ಬಂದಿದೆ ಇವಳಿಗೆ!" ಅಂದಳು ಒಬ್ಬ ಮುದುಕಿ.

"ಬಂದಿದೆ, ಏನೀಗ?" ಮರೇವೆ ತಿರುಗಿಬಿದ್ದಳು. "ನಮ್ಮಪ್ಪನೂ ಹಿಂಗೇ ಬುಬುಸಿ ಕೇಳಿ ನನಗೆ ಸಹಿ ಹಾಕಿಸ್ದ. ಕೆಲಸಕ್ಕೆ ಹೋದ ವಾರದಲ್ಲೇ ಒಂದು ಕೂಸು ಅಳಲಿಲ್ಲ. ನನ್ನ ಕೈಗೆ ಏನೂ ಗೊತ್ತಿರಲಿಲ್ಲ ಅಜ್ಜ, ನಡುಗೋದು ಬಿಟ್ಟು. ಆ ಕೂಸನ್ನ ಈಗ ಯಾರ ಹತ್ರ ಬುಬುಸಿ ಕೇಳ್ಲಿ?"

ಮರೇವೆ ಕಬುರೆಯ ಎದುರಿಗೆ ಸರಿದು ಕೂತಳು.

"ಈಗ ನಾನು ಕೇಳ್ತೀನಿ. ಬುಬುಸಿ. ನಿಮ್ಮ ಮೊಮ್ಮಗಳನ್ನ ಮೂರು ತಿಂಗಳು ನನಗೆ ಕೊಡಿ."

"ನೀನು ಕೊಡದೆ ನನ್ನ ಕೇಳ್ತೀಯಾ, ನಾಚಿಕೆಗೆಟ್ಟವಳೇ?"

"ನಾನಂತೂ ನಾಚಿಕೆಗೆಟ್ಟೆ. ಇಷ್ಟು ಜನರ ಮುಂದೆ ಇಲ್ಲ ಅಂದು ನೀವೂ ಕೆಡ್ತೀರಾ?"

ಕಬುರೆ ಹಲ್ಲು ಕಡಿದ. ಕೊನೆಗೆ, "ತಗೊಂಡು ಹಾಳಾಗ್ ಹೋಗು," ಅಂದ. ಮರುಗಳಿಗೆಯೇ ಅವನ ದನಿ ಇಳಿಯಿತು. "ಅಲ್ಲಿವರೆಗೆ ನಮ್ಮ ಬಸುರಿಯರ ಗತಿ ಏನಮ್ಮಾ? ನಾಲ್ಕು ಜನ ದಿನ ತುಂಬಿ ಕೂತವ್ರೆ."

"ಸೋಮವಾರದ ಹಡಗಿಗೆ ನಾನೇ ಬರ್ತೀನಿ. ಇವಳು ನನ್ನ ಪಕ್ಕದಲ್ಲೇ ನಿಂತು ಕಲೀಲಿ."

"ಆಸ್ಪತ್ರೆಯವರು ಬಿಡ್ತಾರಾ?"

"ಬಿಡದಿದ್ರೆ ಸಂಬಳ ಹಿಡ್ಕೊಳ್ಲಿ. ಸಹಿ ಕೊಡಲ್ಲ ಅಂದೆ ಅಜ್ಜ. ಬರಲ್ಲ ಅಂದೆನಾ?"