ಬೋಜಣ್ಣನ ‘ಅಡ್ಡಿಲ್ಲ’

ಕತಾರಿನಲ್ಲಿ ಕೂತು ಹಿಮ ಎತ್ತುವ ಯಂತ್ರ ಕೊಂಡೆ ಎಂದರೆ ಮೈಸೂರಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ಭಾವ ಫೋನಿನಲ್ಲಿ ಐದು ನಿಮಿಷ ನಕ್ಕು, ಮುಂದಿನ ವರ್ಷ ಮೈಸೂರಿಗೆ ಒಂಟೆ ತರಿಸು ಎಂದ. ನಗಲಿ. ದೋಹಾದ ಒಂದು ಮಾಲಿನೊಳಗೆ ಹಿಮದ ಆಟದ ಮನೆ ಇದೆ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಒಳಗೆ ಮೈನಸ್ ನಾಲ್ಕು. ಅಲ್ಲಿಗೆ ಬೇಕಾದ ಸಾಮಾನು ಕೊಳ್ಳುವ ಪರ್ಚೇಸ್ ಆಫೀಸರ್ ನಾನು. ಮೂರು ಕೊಟೇಶನ್ ಇಲ್ಲದೆ ಒಂದು ಪೊರಕೆಯನ್ನೂ ಕೊಳ್ಳುವವನಲ್ಲ ಎಂದು ನನಗೆ ಬಹಳ ಹೆಮ್ಮೆ ಇತ್ತು. ಆ ಹೆಮ್ಮೆಯಲ್ಲೇ ಒಬ್ಬರ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ.

ಅವರ ಹೆಸರು ಬೋಜ. ಮೂಡಬಿದಿರೆ ಕಡೆಯವರು, ಐವತ್ತಾರು ವರ್ಷ, ಮನೆಮಾತು ತುಳು. ಇಪ್ಪತ್ತೆರಡು ವರ್ಷದಿಂದ ಈ ದೇಶದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ. ಮೊದಲು ಖರ್ಜೂರದ ತೋಟ, ಆಮೇಲೆ ಫುಟ್‌ಬಾಲ್ ಮೈದಾನದ ಹುಲ್ಲು, ಕೊನೆಗೆ ನಮ್ಮ ಹಿಮ. ವಾಸ ದೋಹಾದ ನಜ್ಮಾ ಬಡಾವಣೆಯಲ್ಲಿ, ಐದು ಜನರ ರೂಮು. ನಮ್ಮಲ್ಲಿರುವುದು ಇಪ್ಪತ್ತೈದು ಕುದುರೆಶಕ್ತಿಯ ಸಣ್ಣ ಟ್ರ್ಯಾಕ್ಟರ್, ಮುಂದುಗಡೆ ಬಕೆಟ್ಟು. ಬೆಳಗ್ಗೆ ಮಾಲಿನ ಬಾಗಿಲು ತೆರೆಯುವ ಮುಂಚೆ, ಹೊಗೆ ಹೊರಹೋಗಲು ದೊಡ್ಡ ಫ್ಯಾನುಗಳನ್ನು ಹಾಕಿ, ಜಾರುಬಂಡೆಯ ಬುಡಕ್ಕೆ ಬಂದು ಬಿದ್ದ ಹಿಮವನ್ನೆಲ್ಲ ಅವರು ಮತ್ತೆ ಮೇಲಕ್ಕೆ ಸಾಗಿಸಬೇಕು. ಗೋಡೆಗೆ ಒಂದು ಗೀರು ಬೀಳಿಸಿದವರಲ್ಲ. ಮಾತು ಕಡಿಮೆ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಕಡಿಮೆ ಮಾತಾಡುವವರನ್ನು ಕಂಡರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನಗೆ ಅನಿಸುವುದು.

ಬೋಜಣ್ಣ ಮುಚ್ಚಿಟ್ಟದ್ದು ನಿಜ. ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಎಡಕ್ಕೆ ಸ್ವಲ್ಪವೂ ಇಲ್ಲ, ಬಲಕ್ಕೆ ಅರ್ಧ. ಇದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ, ಮಂಗಳೂರಿನಲ್ಲಿ ಫಿಸಿಯೋಥೆರಪಿ ಎರಡನೆಯ ವರ್ಷ ಓದುತ್ತಿದ್ದ ಮಗಳು ದೀಕ್ಷಿತಾಗೆ. ವಿಡಿಯೋ ಕಾಲಿನಲ್ಲಿ ಯಾರೋ ಹಿಂದಿನಿಂದ ಕರೆದಾಗ ಅಪ್ಪ ಇಡೀ ಮೈಯನ್ನೇ ತಿರುಗಿಸಿದ್ದನ್ನು ಅವಳು ನೋಡಿದ್ದಳು. ಅಮ್ಮನಿಗೆ ಹೇಳಬೇಡ ಎಂದು ಇವರು ಅವಳಿಂದ ಮಾತು ತೆಗೆದುಕೊಂಡಿದ್ದರು. ಅವಳ ಓದು ಮುಗಿಯಲು ಇನ್ನೂ ಮೂರು ವರ್ಷ ಬೇಕಿತ್ತು. ಟ್ರ್ಯಾಕ್ಟರಿನಿಂದ ಇಳಿಸಿದರೆ ಬೋಜಣ್ಣನಿಗೆ ಈ ದೇಶದಲ್ಲಿ ಬೇರೆ ಕೆಲಸ ಇರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಬಕ್ರೀದ್ ರಜೆಗೆ ನಾಲ್ಕು ವಾರ ಇದ್ದಾಗ ನಮ್ಮ ಮ್ಯಾನೇಜರ್ ಹಿಬಾ ನನ್ನನ್ನು ಕರೆದರು. ಬಕೆಟ್ಟಿನಲ್ಲಿ ಹಿಮ ಹೊರುವುದು ಸಾಕು, ಅದನ್ನು ಎತ್ತಿ ಮೇಲಕ್ಕೆ ಎಸೆಯುವ ಸ್ನೋಬ್ಲೋವರ್ ಬೇಕು, ರಜೆಯ ಒಳಗೆ ಬರಬೇಕು ಎಂದರು. ಟ್ರ್ಯಾಕ್ಟರಿನ ಮುಂದೆ ಬಕೆಟ್ಟು ಇರುವುದರಿಂದ ಹೊಸ ಯಂತ್ರ ಹಿಂದುಗಡೆಯೇ ಕೂರಬೇಕು.

ನಾನು ಒಂದು ವಾರ ಅದನ್ನೇ ಓದಿದೆ. ಇಂಜಿನ್ನಿಗೆ ಎಷ್ಟು ಕುದುರೆಶಕ್ತಿ ಎನ್ನುವುದು ಮುಖ್ಯವಲ್ಲ, ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ದಂಡಕ್ಕೆ ಅದರಲ್ಲಿ ಎಷ್ಟು ತಲುಪುತ್ತದೆ ಎನ್ನುವುದು ಮುಖ್ಯ. ನಮ್ಮದಕ್ಕೆ ಹತ್ತೊಂಬತ್ತು. ಯಂತ್ರದ ಬಾಯಿ ಹಿಂಚಕ್ರಗಳಿಗಿಂತ ಅಗಲ ಇರಬೇಕು. ಕಲ್ಲಿನಂಥ ಹಿಮಗಡ್ಡೆ ಸಿಕ್ಕಿಬಿದ್ದರೆ ಮೊದಲು ಮುರಿಯುವ ಒಂದು ಅಗ್ಗದ ಬೋಲ್ಟು ಇರುತ್ತದೆ, ಅದು ಇಲ್ಲೇ ಸಿಗಬೇಕು. ಎಲ್ಲ ಸೋಸಿ ನೋಡಿದಾಗ ಉಳಿದದ್ದು ಎರಡು ಯಂತ್ರ, ಎರಡೂ ಬೆನ್ನಿಯ ಕಂಪನಿಯವು. ಬೆನ್ನಿ ಉಡುಪಿ ಕಡೆಯ ಸೇಲ್ಸ್‌ಮನ್. ಮಾತು ಬೆಣ್ಣೆ.

ಮೊದಲನೆಯದರ ಬಾಯಿ ಹಿಂದಕ್ಕೆ. ಟ್ರ್ಯಾಕ್ಟರನ್ನು ರಿವರ್ಸಿನಲ್ಲಿ ಹಿಮದ ರಾಶಿಯೊಳಗೆ ನುಗ್ಗಿಸಬೇಕು. ಎರಡನೆಯದರ ಬಾಯಿ ಮುಂದಕ್ಕೆ, ಅಂದರೆ ಟ್ರ್ಯಾಕ್ಟರಿನ ಕಡೆಗೆ. ಎಂದಿನಂತೆ ಮುಂದೆ ನೋಡಿಕೊಂಡು ಓಡಿಸಿದರೆ ಹಿಂದಿನಿಂದ ಅದು ಹಿಮ ತಿನ್ನುತ್ತಾ ಬರುತ್ತದೆ. ಆದರೆ ಅದರಲ್ಲೊಂದು ಕುಂದು. ಯಂತ್ರದ ಬಾಯಿಗೆ ಸಿಗುವ ಮುಂಚೆಯೇ ಚಕ್ರ ಹಿಮದ ಮೇಲೆ ಹರಿದು ಅದನ್ನು ಗಟ್ಟಿ ಮಾಡಿಬಿಡುತ್ತದೆ. ಬೆಲೆಯೂ ಜಾಸ್ತಿ.

ಓಡಿಸುವವರ ಅಭಿಪ್ರಾಯ ಫೈಲಿನಲ್ಲಿ ಇರಲಿ ಎಂದು ಮೊದಲನೆಯದರ ಚಿತ್ರ ಹಿಡಿದು ಬೋಜಣ್ಣನ ಹತ್ತಿರ ಹೋದೆ.

“ಬೋಜಣ್ಣ, ಇದು ನೋಡಿ. ರಿವರ್ಸಲ್ಲಿ ಓಡಿಸಬೇಕು. ಹೇಗಿದೆ?”

ಅವರು ಗ್ಲೌಸ್ ತೆಗೆದು ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಳೆದು ಹೇಳಿದರು. “ಅಡ್ಡಿಲ್ಲ ಸಾರ್.”

ಮೈಸೂರಿನವನಿಗೆ ಅಡ್ಡಿಯಿಲ್ಲ ಎಂದರೆ ಅಡ್ಡಿಯಿಲ್ಲ. ಫೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಆಪರೇಟರ್ ಹ್ಯಾಸ್ ನೋ ಅಬ್ಜೆಕ್ಷನ್. ತಾರೀಕು ಹಾಕಿ ಸಹಿ ಮಾಡಿದೆ.

ಮರುದಿನ ಬೋಜಣ್ಣ ಆಫೀಸಿಗೇ ಬಂದರು. ಕೂರಿ ಎಂದರೆ ಕೂರಲಿಲ್ಲ.

“ಸಾರ್, ಬೆನ್ನಿ ಹತ್ರ ಆ ಇನ್ನೊಂದು ಉಂಟಲ್ಲ, ಎದುರು ನೋಡಿ ಓಡಿಸುವಂಥದ್ದು, ಅದನ್ನೇ ತರಿಸಿ.”

“ಯಾಕೆ?”

“ಅದು ಒಳ್ಳೇದು.”

“ಏನು ಒಳ್ಳೇದು ಹೇಳಿ. ಚಕ್ರ ಹರಿದು ಹಿಮ ಗಟ್ಟಿಯಾಗಲ್ವಾ?”

“ಆಗ್ತದೆ.”

“ಬೆಲೆ ಜಾಸ್ತಿ ಅಲ್ವಾ?”

“ಹೌದು ಸಾರ್.”

“ಮತ್ತೆ?”

ಅವರು ನೆಲ ನೋಡಿದರು. ಕಾರಣ ಬಾಯಿಯವರೆಗೂ ಬಂದು ನಿಂತಿದೆ ಎಂದು ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ನನಗೆ ನೆನಪಾದದ್ದು ಹಿಂದಿನ ವಾರ ಬೆನ್ನಿಯೂ ಇವರೂ ಕೆಫೆಟೇರಿಯಾದ ಮುಂದೆ ಕರಕ್ ಚಹಾ ಕುಡಿಯುತ್ತಾ ತುಳುವಿನಲ್ಲಿ ನಗುತ್ತಿದ್ದದ್ದು. ಎರಡಕ್ಕೆರಡು ಸೇರಿಸಿ ನಾಲ್ಕು ಮಾಡಿಬಿಟ್ಟೆ.

“ಬೆನ್ನಿ ನಿಮಗೆ ಏನು ಕೊಡ್ತೀನಿ ಅಂದಿದ್ದಾನೆ ಬೋಜಣ್ಣ?”

ಅವರ ಮುಖ ಕಪ್ಪಿಟ್ಟಿತು. ಇಡೀ ಮೈ ತಿರುಗಿಸಿ ಹೊರಟುಹೋದರು. ನನಗೆ ಗೆದ್ದ ಹಾಗಾಯಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಹಾಗೆಯೇ. ಅವತ್ತೇ ಮೊದಲನೆಯ ಯಂತ್ರಕ್ಕೆ ಆರ್ಡರ್ ಕಳಿಸಿದೆ.

ಎರಡು ವಾರಕ್ಕೆ ಯಂತ್ರ ಬಂತು. ಕೆಂಪು ಬಣ್ಣ, ನಾಲ್ಕಡಿ ಬಾಯಿ, ಒಳಗೆ ಹಲ್ಲಿನ ಸುರುಳಿ. ಮರುದಿನ ಬೆಳಗ್ಗೆ ಏಳಕ್ಕೆ ಟ್ರಯಲ್. ಹಿಬಾ ಇದ್ದರು, ಬೆನ್ನಿ ಇದ್ದ, ಮಂಗಳೂರಿನ ಫ್ಲಾಯ್ಡ್ ಇದ್ದ. ಫ್ಲಾಯ್ಡ್ ನೆಲದ ಮೇಲಿನ ಕೆಲಸದವರ ಸೂಪರ್‌ವೈಸರ್. ಟ್ರ್ಯಾಕ್ಟರಿಗೆ ಬೋಜಣ್ಣ ತಾವೇ ಎರಡು ಹೊಸ ಕನ್ನಡಿ ಕಟ್ಟಿಕೊಂಡು ಬಂದಿದ್ದರು. ಹಳೆ ಲಾರಿಯ ಕನ್ನಡಿಗಳು. ತಂತಿ ಬಿಗಿದಿದ್ದು ನೋಡಿದರೆ ರಾತ್ರಿಯೆಲ್ಲ ಅದಕ್ಕೇ ಕೂತಂತಿತ್ತು. ಇವರಿಗೆ ಇಷ್ಟೆಲ್ಲ ಬೇಕೇ ಎಂದು ನಾನು ಒಳಗೇ ಗೊಣಗಿದೆ.

ಯಂತ್ರ ತಿರುಗಿತು. ಮೊದಲ ಹತ್ತು ಅಡಿ ಚೆನ್ನಾಗಿಯೇ ಹೋಯಿತು. ಹಿಮ ಕಮಾನಾಗಿ ಮೇಲಕ್ಕೆ ಹಾರಿತು, ಹಿಬಾ ಚಪ್ಪಾಳೆ ತಟ್ಟಿದರು. ಆಮೇಲೆ ಹಿಮದ ಪುಡಿ ತಿರುಗಿ ಬಂದು ಟ್ರ್ಯಾಕ್ಟರಿನ ಮೇಲೆಲ್ಲ ಕೂರತೊಡಗಿತು. ಬೋಜಣ್ಣ ಕೈ ಚಾಚಿ ಎಡಗಡೆಯ ಕನ್ನಡಿ ಒರೆಸಿದರು. ಮತ್ತೆ ಕೂತಿತು. ಮತ್ತೆ ಒರೆಸಿದರು. ಆಗ ನಾನು ಮೊದಲ ಬಾರಿಗೆ ಅವರನ್ನು ಸರಿಯಾಗಿ ನೋಡಿದೆ. ರಿವರ್ಸಿನಲ್ಲಿ ಓಡಿಸುವವರು ಯಾರೇ ಆಗಲಿ ಹಿಂದಕ್ಕೆ ನೋಡುತ್ತಾರೆ. ಇವರ ತಲೆ ಮುಂದಕ್ಕೇ ಇತ್ತು. ನೋಡಲೇಬೇಕಾದಾಗ ಸ್ಟಿಯರಿಂಗ್ ಹಿಡಿದು, ಭುಜ ಸೊಂಟ ಎಲ್ಲ ಸೇರಿಸಿ ಮೈಯನ್ನು ಬಲಕ್ಕೆ ಹಿಂಡುತ್ತಿದ್ದರು. ಎಡಕ್ಕೆ ಒಮ್ಮೆಯೂ ಇಲ್ಲ.

ಹಿಂದೆ ಎಡಗಡೆ, ಯಂತ್ರದ ದಾರಿಯಲ್ಲೇ, ಫ್ಲಾಯ್ಡ್ ಇದ್ದ. ಗಡಿ ಗುರುತಿಗೆ ಕಟ್ಟಿದ್ದ ನೈಲಾನ್ ಹಗ್ಗದ ತುದಿಯೊಂದು ಹಿಮದಲ್ಲಿ ಹೂತುಹೋಗಿತ್ತು. ಅದು ಯಂತ್ರದ ಹಲ್ಲಿಗೆ ಸಿಗುವುದೆಂದು ಅವನು ಬಗ್ಗಿ ಎಳೆಯುತ್ತಿದ್ದ. ಬರುತ್ತಿರಲಿಲ್ಲ. ಯಂತ್ರಕ್ಕೂ ಅವನಿಗೂ ಹತ್ತಡಿ ಇತ್ತು, ಎಂಟಾಯಿತು. ಬೋಜಣ್ಣ ನೋಡಿಯೇ ನೋಡುತ್ತಾರೆ ಎಂದು ಅವನು ನಂಬಿದ್ದ.

ನಾನು ಕೂಗಿದೆ. ಫ್ಯಾನಿನ ಸದ್ದು, ಇಂಜಿನ್ನಿನ ಸದ್ದು, ನನ್ನ ಕೂಗು ನನಗೇ ಕೇಳಿಸಲಿಲ್ಲ. ಓಡಲು ಹೋಗಿ ಜಾರಿ ಮಂಡಿಯೂರಿ ಬಿದ್ದೆ. ಆರಡಿ. ಬೆನ್ನಿ ಎರಡೂ ಕೈ ಬೀಸುತ್ತಿದ್ದ, ಅವನೂ ಎಡಗಡೆಯೇ. ಬೋಜಣ್ಣ ಮೂರನೆಯ ಸಲ ಕನ್ನಡಿಗೆ ಕೈ ಚಾಚಿದರು. ಒರೆಸಿದ ಜಾಗದ ಮೇಲೆ ಆಗಲೇ ಬಿಳಿ ಕೂತಿತ್ತು. ಅವರ ಕೈ ಅಲ್ಲೇ ನಿಂತಿತು.

ಆಮೇಲೆ ಇಂಜಿನ್ ಆಫ್ ಆಯಿತು.

ನಮ್ಮ ಕೂಗು, ಸನ್ನೆ ಯಾವುದೂ ಅವರಿಗೆ ತಲುಪಿರಲಿಲ್ಲ, ಫ್ಲಾಯ್ಡ್ ಅಲ್ಲಿದ್ದಾನೆಂದು ಅವರಿಗೆ ಗೊತ್ತೂ ಇರಲಿಲ್ಲ. ಕಾಣದೆ ಇನ್ನೊಂದು ಅಡಿ ಹೋಗಬಾರದು ಎಂದು ನಿಲ್ಲಿಸಿದ್ದು, ಅಷ್ಟೇ. ಇಳಿದು, ಯಂತ್ರವನ್ನು ಸುತ್ತಿ ಬಂದು, ಹಲ್ಲುಗಳಿಂದ ನಾಲ್ಕಡಿ ದೂರದಲ್ಲಿ ಹಗ್ಗ ಹಿಡಿದು ಬಗ್ಗಿದ್ದ ಫ್ಲಾಯ್ಡನನ್ನು ಕಂಡರು. ಚಕ್ರಕ್ಕೆ ಕೈ ಕೊಟ್ಟು ನಿಂತರು. ಆಮೇಲೆ ನೇರ ಹಿಬಾ ಹತ್ತಿರ ನಡೆದು, ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು. “ಮ್ಯಾಡಮ್, ಮೈ ನೆಕ್ ನೋ ಟರ್ನ್. ಟೂ ಇಯರ್. ಐ ನಾಟ್ ಟೆಲ್.”

ಇಪ್ಪತ್ತೆರಡು ವರ್ಷದ ಕೆಲಸವನ್ನು ಅವರು ಹೀಗೆ ಮೂರು ವಾಕ್ಯದಲ್ಲಿ ಕೆಳಗಿಟ್ಟರು.

ಹಿಬಾ ನಮ್ಮಿಬ್ಬರನ್ನೂ ಆಫೀಸಿಗೆ ಕರೆದುಕೊಂಡು ಹೋಗಿ ಫೈಲು ತೆಗೆದರು. ಕೋಪದಲ್ಲಿ ಅವರ ದನಿ ಇನ್ನೂ ಸಣ್ಣದಾಗುತ್ತದೆ. ನನ್ನ ಸಾಲನ್ನು ಗಟ್ಟಿಯಾಗಿ ಓದಿದರು. ಆಪರೇಟರ್ ಹ್ಯಾಸ್ ನೋ ಅಬ್ಜೆಕ್ಷನ್. ಕುತ್ತಿಗೆ ತಿರುಗದವನು ಒಪ್ಪಿಗೆ ಯಾಕೆ ಕೊಟ್ಟೆ, ಒಬ್ಬನ ಜೀವ ಹೋಗುತ್ತಿತ್ತಲ್ಲ ಎಂದು ಬೋಜಣ್ಣನನ್ನು ಕೇಳಿದರು.

ಗಲ್ಫಿಗೆ ಬಂದವರಿಗೆ ಬೇರೆ ಇಂಗ್ಲಿಷ್ ಬರದಿದ್ದರೂ ‘ನೋ ಅಬ್ಜೆಕ್ಷನ್’ ಎನ್ನುವುದು ಗೊತ್ತು. ಕೆಲಸ ಬದಲಿಸಲು, ಲೈಸೆನ್ಸಿಗೆ, ಎಲ್ಲದಕ್ಕೂ ಆ ಕಾಗದಕ್ಕೇ ಅಲೆದಿರುತ್ತಾರೆ. ಬೋಜಣ್ಣ ನನ್ನ ಕಡೆ ಮೈ ತಿರುಗಿಸಿದರು.

“ನಾನು ಯಾವಾಗ ಸಾರ್ ನೋ ಅಬ್ಜೆಕ್ಷನ್ ಕೊಟ್ಟದ್ದು?”

“ಅಡ್ಡಿಲ್ಲ ಅಂದ್ರಲ್ಲ ಬೋಜಣ್ಣ.”

“ಅಡ್ಡಿಲ್ಲ ಅಂದೆ. ಹೌದು. ನಮ್ಮ ಕಡೆ ಅಡ್ಡಿಲ್ಲ ಅಂದ್ರೆ ಅಷ್ಟೇನೂ ಒಳ್ಳೇದಿಲ್ಲ ಅಂತ ಅಲ್ವಾ ಸಾರ್? ನೀವು ದೊಡ್ಡವರು, ತೋರಿಸಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ಲಿಕ್ಕೆ ಆಗ್ತದಾ? ಅದಕ್ಕೇ ಮರುದಿನ ಬಂದದ್ದು.”

ನಾವು ‘ಪರವಾಗಿಲ್ಲ’ ಎಂದು ಮೂಗು ಮುರಿಯುತ್ತೇವಲ್ಲ, ಆ ಮಾತದು. ಅದಕ್ಕೆ ನಾನು ಸರ್ಟಿಫಿಕೇಟು ಬರೆದಿದ್ದೆ.

ಹಿಬಾಗೆ ಕನ್ನಡ ತಿಳಿಯದು. “ಇವನು ಏನಾದರೂ ಹೇಳಿದ್ದನೇ, ಇಲ್ಲವೇ?” ಎಂದು ನನ್ನನ್ನೇ ಕೇಳಿದರು. ಫೈಲು ನನ್ನ ಪರವಾಗಿತ್ತು. ಇಲ್ಲ ಎಂದರೆ ಮುಗಿಯಿತು, ಬೋಜಣ್ಣ ಮುಂದಿನ ವಾರ ವಿಮಾನದಲ್ಲಿ. ನನಗೂ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅಲ್ ಥುಮಾಮಾದ ನಮ್ಮ ಮನೆ, ಮಕ್ಕಳ ಸ್ಕೂಲು, ಎಲ್ಲ ಕಣ್ಣ ಮುಂದೆ ಬಂದು ಹೋದವು.

“ಹೇಳಿದ್ದರು,” ಎಂದೆ. “ನಾನು ತಪ್ಪು ಬರೆದೆ. ಮರುದಿನ ಬಂದು ಆ ಇನ್ನೊಂದು ಯಂತ್ರ ತರಿಸಿ ಎಂದೂ ಕೇಳಿದರು. ನಾನು ಲಂಚದ ಮಾತೆತ್ತಿ ಬಾಯಿ ಮುಚ್ಚಿಸಿದೆ.”

ಬೋಜಣ್ಣನಿಗೆ ಎಷ್ಟು ಅರ್ಥವಾಯಿತೋ, ಕೂಡಲೇ ನಡುವೆ ಬಾಯಿ ಹಾಕಿದರು. “ಮ್ಯಾಡಮ್, ನೆಕ್ ಸಾರ್ ಡೋಂಟ್ ನೋ. ಮೈ ಮಿಸ್ಟೇಕ್.”

ಹಿಬಾ ನಮ್ಮಿಬ್ಬರನ್ನೂ ನೋಡಿ “ಖಲಾಸ್, ಇಲ್ಲಿಗೆ ಸಾಕು” ಎಂದು ಫೈಲು ಮುಚ್ಚಿದರು. ಬೋಜಣ್ಣನನ್ನು ಡಾಕ್ಟರ ಹತ್ತಿರ ಕಳಿಸಿದರು, ನನಗೆ ಮೆಮೋ ಕೊಟ್ಟರು. ಮುಂದೆ ನೋಡಿ ಓಡಿಸಬಹುದು, ಹಿಂದೆ ಹೋಗುವಾಗ ಸನ್ನೆ ಮಾಡುವವರೊಬ್ಬರು ಇರಲೇಬೇಕು ಎಂದು ಡಾಕ್ಟರ್ ಬರೆದುಕೊಟ್ಟರು. ಆ ಕಾಗದ ಬರುವವರೆಗಿನ ಐದು ದಿನ ನನಗೆ ಊಟ ಸೇರಲಿಲ್ಲ. ಬೆನ್ನಿ ಯಂತ್ರ ಬದಲಿಸಿ ಕೊಡಲು ಒಪ್ಪಿದ. ಆದರೆ ಅದು ಬಂದದ್ದು ರಜೆ ಮುಗಿದ ಮೇಲೆ, ರಜೆಯ ವಾರ ಪೂರ್ತಿ ಬಕೆಟ್ಟು, ಸಲಿಕೆ. ಸಲಿಕೆ ಹಿಡಿದವರಲ್ಲಿ ನಾನೂ ಒಬ್ಬ. ಹೊಸದನ್ನು ಬೋಜಣ್ಣ ಮುಂದೆ ನೋಡಿಕೊಂಡು, ತೆಳ್ಳಗೆ ತೆಳ್ಳಗೆ ಎರಡೆರಡು ಸಲ ಹಾಯಿಸುತ್ತಾರೆ. ಗಟ್ಟಿಯಾದದ್ದೂ ಎದ್ದು ಬರುತ್ತದೆ.

ಲಂಚದ ಮಾತಿಗೆ ನಾನು ಕ್ಷಮೆ ಕೇಳಿದೆ. “ಆಯ್ತು ಬಿಡಿ ಸಾರ್” ಎಂದರು. ನಾನೂ ಆಯಿತೆಂದೇ ನಂಬಿದ್ದೆ.

ಮೊನ್ನೆ ಟ್ರ್ಯಾಕ್ಟರಿಗೆ ಹೊಸ ಟೈರು ಬೇಕಾಗಿತ್ತು. ಒಂದರ ಚಿತ್ರ ಹಿಡಿದು ಹೋಗಿ, “ಹೇಗಿದೆ ಬೋಜಣ್ಣ, ಬಿಡಿಸಿ ಹೇಳಿ” ಎಂದೆ. ಅವರು ಚಿತ್ರ ನೋಡಿದರು. ನನ್ನ ಜೇಬಿನ ಪೆನ್ನಿಗೆ ಕೈ ನೀಡಿದರು. ಟೈರಿನ ಚಿತ್ರದ ಕೆಳಗೆ, ಕನ್ನಡದಲ್ಲಿ, ಶಾಲೆಯ ಮಕ್ಕಳಂತೆ ಒತ್ತಿ ಬರೆದರು: ‘ಬೇಡ.’ ಅದರ ಕೆಳಗೆ ತಾರೀಕು. ಅದರ ಕೆಳಗೆ ಸಹಿ. ಪೆನ್ನು ವಾಪಸು ಕೊಟ್ಟು, “ಹೀಗೇ ಫೈಲಿಗೆ ಹಾಕಿ ಸಾರ್” ಎಂದರು.